ಚಿತ್ರದಲ್ಲಿ ಯಾರಿದ್ದಾರೆ

ಮೇಲಿನ ಮಹಡಿಯ ಧ್ವನಿತಜ್ಞನಿಗೆ ಸೊಕ್ಕು ನೆತ್ತಿಗೇರಿದೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಮ್ಯೂಸಿಯಂನ ಸಿಬ್ಬಂದಿಗೆಲ್ಲ ಮೇಲ್ ಕಳಿಸುವುದು ಅವಳ ಕೆಲಸ. ಒಂದೊಂದು ಆಮಂತ್ರಣಕ್ಕೂ ಹೂಬಳ್ಳಿ, ಬಣ್ಣ, ಓರೆ ಅಕ್ಷರ ಹಾಕಿ ಮದುಮಗಳಂತೆ ಸಿಂಗರಿಸುತ್ತಿದ್ದಳು. ಅವನಿಂದ ಮಾತ್ರ ಹೂಂ ಇಲ್ಲ, ಉಹೂಂ ಇಲ್ಲ. ಅವನಿಗೆ ಕೆಲಸ ಕಲಿಸಿದ ಹಿರಿಯ ಮೇಡಂ ನಿವೃತ್ತರಾದ ಸಂಜೆಯೂ ಅವನು ಬರಲಿಲ್ಲ. ಮೇಡಂ ಬಾಗಿಲ ಕಡೆ ನೋಡುತ್ತಲೇ ಕೇಕ್ ಕತ್ತರಿಸಿದರು.

ಮರುದಿನ ಕೇಳಿಯೇ ಬಿಡೋಣವೆಂದು ಅವಳು ಮೆಟ್ಟಿಲು ಹತ್ತಿದಳು. ಅವನಿಗೆ ಕಣ್ಣು ಕಾಣದು, ಕಂಪ್ಯೂಟರೇ ಅವನಿಗೆ ಮೇಲ್ ಓದಿ ಹೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಏನೆಂದು ಓದುತ್ತದೆ ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ಬೀಳ್ಕೊಡುಗೆಯ ಮಾತೆತ್ತುತ್ತಲೇ ಅವನ ಮುಖ ಸಪ್ಪಗಾಯಿತು. "ಯಾವ ಬೀಳ್ಕೊಡುಗೆ?" ಎಂದವನು ಸ್ಪೀಕರ್ ಹಾಕಿ ಅವಳ ಮೇಲ್ ತೆರೆದ.

"ಚಿತ್ರ. ಚಿತ್ರ. ಇಲ್ಲಿ ಒತ್ತಿ," ಎಂದಿತು ಕಂಪ್ಯೂಟರ್.

ಅಷ್ಟೇ. ದಿನ, ಹೊತ್ತು, ಮೇಡಂ ಹೆಸರು ಎಲ್ಲವೂ ಆ ಚಂದದ ಚಿತ್ರದೊಳಗೇ ಉಳಿದುಹೋಗಿತ್ತು.

"ಯಾವುದೋ ಜಾಹೀರಾತು ಅಂದ್ಕೊಂಡು ಅಳಿಸಿಬಿಡ್ತಿದ್ದೆ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದೇ ಸಂಜೆ ಇಬ್ಬರೂ ಮೇಡಂ ಮನೆಗೆ ಹೋದರು. ಮೇಡಂ ಇಬ್ಬರಿಗೂ ಚೆನ್ನಾಗಿ ಬೈದು, ಆಮೇಲೆ ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು.

ಅಲ್ಲಿಂದ ಅವಳಿಗೆ ಕುತೂಹಲದ ಹುಳ ಹೊಕ್ಕಿತು. ಊಟದ ಬಿಡುವಿನಲ್ಲಿ ಅವನ ಕೋಣೆಗೆ ಹೋಗಿ ತನ್ನ ಮೇಲ್‌ಗಳನ್ನು ಕಿವಿಯಿಂದ ಓದತೊಡಗಿದಳು. ಅವನು ಕೇಳುವ ವೇಗಕ್ಕೆ ಆ ಧ್ವನಿ ಬಾಣಲೆಯಲ್ಲಿ ಕಾಳು ಸಿಡಿದಂತಿತ್ತು. ಅವನು ನಗುತ್ತ ನಿಧಾನ ಮಾಡಿದ. ತಾನು ಉದ್ದದ ಮೇಲ್‌ನಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಿ ಬೇಕಾದ್ದನ್ನು ಹುಡುಕುತ್ತೇನೆ, ಬರೀ 'ಇಲ್ಲಿ ಒತ್ತಿ' ಎಂದರೆ ಎಲ್ಲಿಗೆ ಹೋಗುತ್ತೇನೆಂದೇ ತಿಳಿಯದು ಎಂದೆಲ್ಲ ವಿವರಿಸಿದ. ಸಾಲಾಗಿ ಚಪ್ಪಾಳೆಯ ಇಮೋಜಿ ಹಾಕಿದರೆ ಕಂಪ್ಯೂಟರ್ ಅಷ್ಟು ಸಲವೂ 'ಚಪ್ಪಾಳೆ ತಟ್ಟುವ ಕೈಗಳು' ಎನ್ನುತ್ತದಂತೆ. ಅವಳು ನಕ್ಕೂ ನಕ್ಕೂ ಸುಸ್ತಾದಳು.

ಕಂಪ್ಯೂಟರ್ ಓದಿ ಹೇಳಲೆಂದು ಚಿತ್ರಗಳಿಗೆ ವಿವರಣೆ ಬರೆಯಲು ಶುರುಮಾಡಿದಾಗ ಅವಳದ್ದು ಪುರಾಣವೇ ಆಗುತ್ತಿತ್ತು.

"ಕಿಟಕಿ ಅಂದ್ರೆ ಸಾಕು," ಎಂದು ಅವನು ಕೀಟಲೆ ಮಾಡಿದ, "ಅದರ ಚಿಲಕದ ಚರಿತ್ರೆ ಬೇಡ."

ಕೇಳುವ ಪ್ರಶ್ನೆಗಳೆಲ್ಲ ಮುಗಿದವು. ಆದರೂ ಅವಳು ಮೆಟ್ಟಿಲು ಹತ್ತುವುದು ನಿಲ್ಲಲಿಲ್ಲ. ಅವಳ ಹೆಜ್ಜೆ ಸಪ್ಪಳ ಕೇಳುತ್ತಲೇ ಅವನ ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳುತ್ತಿದ್ದುದನ್ನು ಅವಳು ಕಂಡೂ ಕಾಣದಂತಿದ್ದಳು.

ಹೊಸ ಪ್ರದರ್ಶನದ ದಿನ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು. ಅವಳು ಅದಕ್ಕೆ ವಿವರಣೆ ಬರೆದು ಮೇಲ್ ಕಳಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಅವನೇ ಕೆಳಗಿಳಿದು ಅವಳ ಮೇಜಿನ ಬಳಿ ಬಂದ.

"ಎಲ್ಲರನ್ನೂ ಬರೆದಿದ್ದೀರಿ, ನೀವೇ ಇಲ್ಲ. ಎಲ್ಲಿ ನಿಂತಿದ್ರಿ?"

"ನಿಮ್ಮ ಪಕ್ಕದಲ್ಲೇ."

"ಅದು ಗೊತ್ತಾಗಿತ್ತು. ಯಾವ ಕಡೆ ನೋಡ್ತಿದ್ರಿ?"

ಅವಳು ಪರದೆಯತ್ತ ನೋಡಿದಳು. ಫೋಟೋದಲ್ಲಿ ಎಲ್ಲರ ಕಣ್ಣೂ ಕ್ಯಾಮೆರಾದ ಮೇಲಿದ್ದವು, ಅವಳವನ್ನು ಬಿಟ್ಟು.

"ನಿಮ್ಮ ಕಡೆ," ಎಂದಳು ಮೆಲ್ಲಗೆ. "ಎಲ್ಲರಿಗೂ ಹೋಗೋ ಮೇಲ್‌ನಲ್ಲಿ ಅದನ್ನ ಹೇಗೆ ಬರೀಲಿ?"

ಅವನ ಕಿವಿ ಕೆಂಪಗಾಯಿತು. ಮೇಜಿನ ಅಂಚು ತಡವಿ ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

"ಹಾಗಾದ್ರೆ ನನಗೊಬ್ಬನಿಗೇ ಹೇಳಿ. ಈ ಸಲ ಎಷ್ಟು ಉದ್ದ ಆದ್ರೂ ಪರವಾಗಿಲ್ಲ."

ಅವಳು ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ಹೇಳತೊಡಗಿದಳು.