ಬೂದಿಯ ಮೇಲೆ ಬರಿಗಾಲು

ಹೊಗೆ ಡಬ್ಬಿಗಳನ್ನಿಟ್ಟಿದ್ದ ತಗಡಿನ ಪೆಟ್ಟಿಗೆ ಖಾಲಿಯಾಗಿತ್ತು. ಅಕ್ಷತ ಮುಚ್ಚಳ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ಪಿಯುಸಿ ಹುಡುಗಿ, ಸಿನಿಮಾದ ಹುಚ್ಚು ನೆತ್ತಿಗೇರಿತ್ತು. ಅವಳು ತೆಗೆಯುತ್ತಿದ್ದ ಸಿನಿಮಾದ ಕಥೆಯೇನು ಸಾಮಾನ್ಯದ್ದೇ? ಪರದೇಶದ ಸೈನ್ಯ ವಿಜಯಪುರದ ಪಕ್ಕದ ಹಳ್ಳಿಗೆ ಬಂದಿಳಿಯುತ್ತದೆ. ದೊಡ್ಡವರೆಲ್ಲ ಸೆರೆ. ಕಾಲೇಜು ಹುಡುಗರೇ ಕವಣೆ, ಟ್ರ್ಯಾಕ್ಟರು, ಖಾರದಪುಡಿ ಹಿಡಿದು, ಶತ್ರುಗಳ ಆಯುಧ ಕದ್ದು ಸೈನ್ಯವನ್ನು ಅಟ್ಟಿಬಿಡುತ್ತಾರೆ! ಉಳಿದಿದ್ದು ಕೊನೆಯ ದೃಶ್ಯ— ದಟ್ಟ ಹೊಗೆಯ ನಡುವೆ ನಾಯಕ ಶತ್ರುಪಾಳೆಯಕ್ಕೆ ನುಗ್ಗಬೇಕು. ಎರವಲು ತಂದ ಕ್ಯಾಮೆರಾ ಸಂಜೆಗೆ ವಾಪಸು. ಇವತ್ತು ಆಗದಿದ್ದರೆ ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪಾಳೆಯವೆಂದರೆ ಊರಿನ ಚಿಕ್ಕವೆಂಕಟಪ್ಪನವರ ಹಳೆಯ ರೇಷ್ಮೆ ಹುಳುಮನೆ. ಅದರಲ್ಲಿ ಹುಳು ಸಾಕುವುದು ನಿಂತು ಎಷ್ಟೋ ವರ್ಷವಾಗಿತ್ತು. ಯುದ್ಧಭೂಮಿಯ ಹಾಗೆ ಕಾಣಲೆಂದು ಹಿಂದಿನ ಸಂಜೆ ನೆಲದ ತುಂಬ ಬೂದಿ ಎರಚಿದ್ದರು. ಅದರ ಮೇಲೀಗ ಬರಿಗಾಲಿನ ಹೆಜ್ಜೆಗಳು— ಬಾಗಿಲಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಬಾಗಿಲಿಗೆ.

ಶೂಟಿಂಗ್ ನೋಡಲು ಬಂದಿದ್ದ ಚಿಕ್ಕಮ್ಮ ರೂಪ ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ಪಾಪ, ರಜೆಯಲ್ಲೂ ಅದೇ ಕೆಲಸ ಗಂಟುಬಿತ್ತು.

"ಯಾರೋ ಹೊರಗಿನೋರು ಚಿಕ್ಕಮ್ಮ. ನಮ್ಮೋರೆಲ್ಲ ಬೂಟು ಹಾಕಿರ್ತಾರೆ," ಎಂದಳು ಅಕ್ಷತ.

"ಬೀಗ ಒಡೆದಿಲ್ಲ. ಬೀಗದ ಕೈ ಹೆಂಚಿನ ಸಂದೀಲಿರೋದು ಹೊರಗಿನೋರಿಗೆ ಹೆಂಗೆ ಗೊತ್ತು?"

ಅಕ್ಷತಳ ಅನುಮಾನ ತಟ್ಟನೆ ಮುನೀಂದ್ರನ ಕಡೆ ಹೊರಳಿತು. ಪರದೇಶದ ಸೇನಾಪತಿಯ ಪಾತ್ರ ಅವನದೇ. ಕೊನೆಯ ದೃಶ್ಯದಲ್ಲಿ ಮಕಾಡೆ ಬೀಳಬೇಕಲ್ಲ ಎಂದು ಮುಖ ಊದಿಸಿಕೊಂಡು ತಿರುಗುತ್ತಿದ್ದ.

ರೂಪ ಒಬ್ಬೊಬ್ಬರನ್ನೇ ಒಳಗೆ ಕರೆದರು. ಮುನೀಂದ್ರ ಬೂಟು ಧಡಧಡ ಅನ್ನಿಸುತ್ತ ಬಂದು, ಸಿಟ್ಟಿರುವುದು ನಿಜ, ಕದ್ದಿದ್ದು ಸುಳ್ಳು ಎಂದ. ಕ್ಯಾಮೆರಾ ಹಿಡಿಯುವ ರಮ್ಯ ಸರಸರ ಬಂದು, ಹೊತ್ತು ಹೋಗುತ್ತಿದೆಯೆಂದು ಗೊಣಗಿದಳು. ನಾಯಕ ಬೀರೇಶ ಹೊಸ್ತಿಲಲ್ಲಿ ಬಗ್ಗಿ ಬೂಟು ಬಿಚ್ಚಿಟ್ಟು ಒಳಗೆ ಬಂದ. ಬೆಳಗ್ಗೆಯಿಂದ ಅಮ್ಮನ ಜೊತೆ ಕೆಲಸದಲ್ಲಿದ್ದೆ ಎಂದ. ಈ ಮನೆಯೊಳಗೆ ಅವನ ದೃಶ್ಯ ಇದುವರೆಗೆ ಒಂದೂ ಇರಲಿಲ್ಲ.

ರೂಪ ಅವನ ಹೆಗಲ ಮೇಲೆ ಕೈಯಿಟ್ಟರು.

"ಡಬ್ಬಿ ತಗೊಂಡೋನು ನೀನೇ ಅಲ್ವೇನಪ್ಪಾ?"

ಬೀರೇಶ ತಲೆ ತಗ್ಗಿಸಿದ. ಅಕ್ಷತ ಬೆಪ್ಪಾದಳು. ನಾಯಕನೇ?

"ನಾನು ಹುಳು ಮೇಯಿಸೋ ಮನೇಲಿ ಹುಟ್ಟಿದೋಳು ಕಣೇ," ಎಂದರು ರೂಪ. "ಹುಳುಮನೆಗೆ ಮೆಟ್ಟು ಹಾಕ್ಕೊಂಡು ಹೋದ್ರೆ ಹುಳಕ್ಕೆ ರೋಗ ಅಂತ ಚಿಕ್ಕಂದಿನಿಂದ ಬೈಸ್ಕೊಂಡು ಬೆಳೀತೀವಿ. ಖಾಲಿ ಮನೆಯಾದ್ರೂ ಕಾಲು ಕೇಳಲ್ಲ. ನೀನು, ಮುನೀಂದ್ರ, ರಮ್ಯ ಬೂಟಲ್ಲೇ ನುಗ್ಗಿದ್ರಿ. ಇವನೊಬ್ಬನೇ ಈಗ ಬಿಚ್ಚಿದ. ಕದಿಯೋಕೆ ಬಂದಾಗ್ಲೂ ಬಿಚ್ಚೇ ಬಂದಿದ್ದಾನೆ."

"ಯಾಕೋ ಹಿಂಗ್ ಮಾಡ್ದೆ?" ಎಂದಳು ಅಕ್ಷತ.

"ಬೇಲಿ ಆಚೆಗೇ ನಮ್ಮ ಹುಳುಮನೆ. ಹುಳ ಹಣ್ಣಾಗಿ ಬಿದಿರಿನ ಚಂದ್ರಿಕೆ ತಟ್ಟೇಲಿ ಗೂಡು ಕಟ್ತಾ ಅವೆ. ಅಮ್ಮ ದೇವ್ರಿಗೆ ಊದುಬತ್ತೀನೂ ಹಚ್ತಿಲ್ಲ. ಅಷ್ಟು ಹೊಗೆ ನುಗ್ಗಿದ್ರೆ ಇಡೀ ಬೆಳೆ ಸತ್ತೋಗತ್ತೆ."

"ಹೇಳ್ಬಾರ್ದಾಗಿತ್ತಾ?"

"ಮೊನ್ನೆ ಹೇಳಿದ್ನಲ್ಲ. ಹುಳಕ್ಕೋಸ್ಕರ ಯಾರಾದ್ರೂ ಯುದ್ಧ ನಿಲ್ಲಿಸ್ತಾರೇನೋ ಅಂತ ನೀನೇ ನಕ್ಕೆ. ಎಲ್ರೂ ನಕ್ರು."

ನಕ್ಕಿದ್ದು ಹೌದು, ಆಮೇಲೆ ಮರೆತದ್ದೂ ಹೌದು. ಅಕ್ಷತಳಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಹೊರಗಿನಿಂದ ದಂಡೆತ್ತಿ ಬಂದವರ ಆಯುಧ ಕದ್ದು ಊರು ಉಳಿಸಿಕೊಳ್ಳುವುದನ್ನು ಈ ಹುಡುಗನಿಗೆ ಹೇಳಿಕೊಟ್ಟವಳು ಅವಳೇ. ಅವನು ಅದನ್ನೇ ಮಾಡಿದ್ದ. ದಂಡೆತ್ತಿ ಬಂದಿದ್ದು ಮಾತ್ರ ಇವಳು.

ಡಬ್ಬಿಗಳೆಲ್ಲಿ ಎಂದು ಅವಳು ಕೇಳಲೇ ಇಲ್ಲ. ಕ್ಯಾಮೆರಾ ಶುರು ಮಾಡಲು ರಮ್ಯಳಿಗೆ ಸನ್ನೆ ಮಾಡಿದಳು.

"ಹೊಗೆ ಬೇಡ ಕಣೋ," ಎಂದಳು. "ಬಿಸಿಲಲ್ಲೇ ನುಗ್ಗು. ನಿನ್ನ ಮುಖ ಕಾಣ್ಲಿ."