ಡಾಕ್ಟರ್ ಬ್ಲೆವಿನ್ಸ್ ಬರೆದ ಷರಾಗಳು

ಅಕ್ಟೋಬರ್ 7, ಮಂಗಳವಾರ, ಬೆಳಿಗ್ಗೆ 9.10ಕ್ಕೆ ಔಷಧಿ ಅಂಗಡಿಯ ಹೋಬರ್ಟ್ ಲೈಲ್ ಕಾಲ್ಡರ್ ಕೌಂಟಿಯ ಪೊಲೀಸ್ ಠಾಣೆಗೆ ಬಂದ. ಮಿಸೌರಿಯ ಗುಡ್ಡಗಾಡಿನ ಈ ಊರಲ್ಲಿ ಅವನದೊಂದೇ ಔಷಧಿ ಅಂಗಡಿ. ಕೈಯಲ್ಲಿ ಮಡಚಿದ ಚೀಟಿ ಇತ್ತು. ದೂರು ಕೊಡುವವನ ಗತ್ತು ಅವನಲ್ಲಿರಲಿಲ್ಲ. ಯಾರಾದರೂ ಬೇಡ ಅಂದರೆ ಸಾಕು, ಎದ್ದು ಹೋಗುವವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತ.

ಇನ್‌ಸ್ಪೆಕ್ಟರ್ ರಾಯ್ಸ್ ಟ್ಯಾಕೆಟ್ ಬೇಡ ಅನ್ನಲಿಲ್ಲ. ಆಮೇಲೆ ಅದಕ್ಕಾಗಿ ತುಂಬ ಪೇಚಾಡಿದ.

ಹೋಬರ್ಟ್ ಹೇಳಿದ್ದು ಇಷ್ಟು. ಹೋದ ಶುಕ್ರವಾರ ಒಬ್ಬ ಮುದುಕಿಗೆ ಊರ ಕ್ಲಿನಿಕ್ಕಿನಿಂದ ಬಂದ ಹೃದಯದ ಮಾತ್ರೆಯ ಪ್ರಮಾಣ ಜಾಸ್ತಿ ಅನ್ನಿಸಿತು. ಕ್ಲಿನಿಕ್ ನಡೆಸುವ ನರ್ಸ್ ವರ್ನೆಲ್ ಸ್ಟೌಟ್ ಅವರನ್ನು ಕೇಳಿದ. ಅವರು, ಡಾಕ್ಟರ್ ಬ್ಲೆವಿನ್ಸ್ ಹತ್ತಿರ ಕೇಳಿ ಹೇಳುತ್ತೇನೆ ಅಂದರು. ಹೋಬರ್ಟ್‌ಗೆ ತಡೆಯಲಿಲ್ಲ. ಎಪ್ಪತ್ತು ಮೈಲಿ ಆಚೆಯ ಡಾಕ್ಟರ ಮನೆಗೆ ತಾನೇ ಫೋನ್ ಮಾಡಿದ.

“ನಾನು ಯಾರು ಅಂತ ಮೂರು ಸಲ ಕೇಳಿದ್ರು. ಆಮೇಲೆ, ದನಕ್ಕೆ ಹುಲ್ಲು ಹಾಕಿದ್ಯೇನೋ ಅಂದ್ರು. ಸೋಮವಾರ ನೋಡಿದ್ರೆ ಕ್ಲಿನಿಕ್ಕಿಂದ ಇದು ಬಂದಿದೆ.”

ಚೀಟಿಯಲ್ಲಿ ಡಾಕ್ಟರ್ ಆರ್ಲೋ ಬ್ಲೆವಿನ್ಸ್ ಸಹಿಯಿತ್ತು. ಅದರ ಮೇಲೆ ಷರಾ: ‘ಪ್ರಮಾಣ ಅರ್ಧಕ್ಕೆ ಇಳಿಸು. ಅಂಗಡಿಯವನು ಹೇಳಿದ್ದೇ ಸರಿ. ಮೂತ್ರಪಿಂಡದ ಪರೀಕ್ಷೆ ನೋಡದೆ ಬರೆದದ್ದು ನಿನ್ನ ತಪ್ಪು.’

“ಹುಲ್ಲಿನ ಮಾತಾಡಿದ ತಲೆ ಇದನ್ನ ಬರೆಯುತ್ತಾ, ರಾಯ್ಸ್?”

ಟ್ಯಾಕೆಟ್ ದೂರು ದಾಖಲಿಸಿಕೊಂಡ. ವರ್ನೆಲ್‌ಗೆ ಔಷಧಿ ಬರೆಯುವ ಅಧಿಕಾರವೇನೋ ಇತ್ತು. ಆದರೆ ಆ ರಾಜ್ಯದ ಕಾನೂನಿನಂತೆ ಒಬ್ಬ ಡಾಕ್ಟರು ಮೇಲ್ವಿಚಾರಣೆಗೆ ಒಪ್ಪಂದ ಬರೆದುಕೊಡಬೇಕು, ಹತ್ತಕ್ಕೊಂದು ರೋಗಿಯ ಕಡತ ಓದಿ ಷರಾ ಬರೆದು ಸಹಿ ಹಾಕಬೇಕು. ಡಾಕ್ಟರು ಇಲ್ಲವೆಂದಾದರೆ ಅಂದೇ ಕ್ಲಿನಿಕ್ಕಿಗೆ ಬೀಗ. ಇನ್ನೊಂದು ಕ್ಲಿನಿಕ್ ಬೇಕಾದರೆ ಐವತ್ತೆಂಟು ಮೈಲಿ ಹೋಗಬೇಕು. ಟ್ಯಾಕೆಟ್‌ನ ರಕ್ತದೊತ್ತಡಕ್ಕೆ ಮಾತ್ರೆ ಕೊಡುತ್ತಿದ್ದದ್ದು ವರ್ನೆಲ್ಲೇ. ಅವನ ಜೊತೆಯ ಕಾನ್‌ಸ್ಟೆಬಲ್ ಮಾರ್ಲಾ ಯೋಡರ್ ಆರು ತಿಂಗಳ ಬಸುರಿ, ಅವಳೂ ಅಲ್ಲಿಗೇ ಹೋಗುತ್ತಿದ್ದಳು. ನುಂಗಲಾರದ, ಉಗುಳಲಾರದ ಬಿಸಿತುಪ್ಪ.

ಅಕ್ಟೋಬರ್ 8, ಮಧ್ಯಾಹ್ನ 2.30. ಟ್ಯಾಕೆಟ್, ಮಾರ್ಲಾ ಇಬ್ಬರೂ ಡಾಕ್ಟರ ಮನೆ ತಲುಪಿದರು. ಡಾಕ್ಟರು ಒಂದರ ಮೇಲೊಂದು ಎರಡು ಅಂಗಿ ತೊಟ್ಟು ವರಾಂಡದಲ್ಲಿ ಕೂತಿದ್ದರು. ಮಾರ್ಲಾಳನ್ನು ನೋಡಿ ಎದ್ದು ನಿಂತು, ತುಂಬ ಮರ್ಯಾದೆಯಿಂದ, ನಿಮ್ಮ ತಂದೆ ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ ಅಂದಳು. ಮತ್ತೆ ಕೇಳಿದರು. ಮತ್ತೆ ಹೇಳಿದಳು. ಹೆಂಡತಿ ನಡೀನ್ ಕಾಫಿ ತಂದಿಟ್ಟು, ಕೇಳುವ ಮೊದಲೇ ಕಣ್ಣೊರೆಸಿಕೊಂಡರು.

“ಯಾವಾಗಿನಿಂದ ಹೀಗೆ?” ಟ್ಯಾಕೆಟ್ ಕೇಳಿದ.

“ಫೆಬ್ರವರಿಯಿಂದ ಪೂರ್ತಿ.”

“ವರ್ನೆಲ್‌ಗೆ ಗೊತ್ತಾ?”

“ಮೊದಲು ಕಂಡುಹಿಡಿದವಳೇ ಅವಳು. ನಮಗಿಂತ ಮುಂಚೆ.”

“ಕಂಪ್ಯೂಟರಿನಲ್ಲಿ ಇವರ ಸಹಿ ಹಾಕೋ ಪಾಸ್‌ವರ್ಡ್ ಯಾರು ಕೊಟ್ಟಿದ್ದು?”

“ನಾನೇ. ಬೇರೆ ಡಾಕ್ಟ್ರು ಸಿಗೋವರೆಗೆ ಒಂದೇ ತಿಂಗಳು ಅಂದ್ಲು.” ನಡೀನ್ ಗಂಡನ ಕಡೆ ನೋಡಿದರು. “ಇವರ ಹೆಸರು ಎಲ್ಲಾದ್ರೂ ಇನ್ನೂ ಕೆಲಸ ಮಾಡ್ತಿದೆ ಅಂತ ನನಗೂ ಒಂಥರಾ ಸಮಾಧಾನ ಆಗ್ತಿತ್ತು.”

ಅಕ್ಟೋಬರ್ 9, ಗುರುವಾರ. ಶೋಧನಾ ವಾರಂಟ್ ಪಡೆದು, ಕ್ಲಿನಿಕ್ಕಿನ ದಾಖಲೆಗಳ ಪ್ರತಿ ತೆಗೆದು ಜಪ್ತಿ ಪಂಚನಾಮೆ ಬರೆದರು. ವರ್ನೆಲ್ ಏನೂ ಕೇಳಲಿಲ್ಲ. ಬಾಗಿಲ ಹತ್ತಿರ ಮಾತ್ರ ಟ್ಯಾಕೆಟ್‌ನನ್ನು ನಿಲ್ಲಿಸಿ, ಉಪ್ಪು ಕಮ್ಮಿ ಮಾಡಿದೆಯಾ ಎಂದು ವಿಚಾರಿಸಿದರು. ಅವನು ಸುಳ್ಳು ಹೇಳಿದ.

ಠಾಣೆಯಲ್ಲಿ ಇಬ್ಬರೂ ಕಡತ ಓದುತ್ತಾ ಕೂತರು. ಫೆಬ್ರವರಿಗೆ ಮುಂಚಿನ ಹನ್ನೊಂದು ವರ್ಷ ಡಾಕ್ಟರು ಬರೆದ ಷರಾ ಎಲ್ಲ ಕಡೆ ಒಂದೇ: ‘ಸರಿ.’ ಜ್ವರಕ್ಕೂ ‘ಸರಿ,’ ಮುರಿದ ಮೂಳೆಗೂ ‘ಸರಿ.’ ಫೆಬ್ರವರಿ ದಾಟಿದ ಮೇಲೆ ಒಂದೊಂದು ಷರಾ ಅರ್ಧ ಪುಟ. ‘ಶ್ವಾಸಕೋಶ ಹಿಂದಿನಿಂದಲೂ ಕೇಳಬೇಕಿತ್ತು.’ ‘ಅವಸರ ಮಾಡಿದ್ದೀಯ.’ ‘ನಾಳೆಯೇ ಫೋನ್ ಮಾಡಿ ವಿಚಾರಿಸು.’

“ಬುದ್ಧಿ ಹೋದ ಮೇಲೇ ಡಾಕ್ಟ್ರಿಗೆ ಬುದ್ಧಿ ಬಂದಿದೆ,” ಅಂದಳು ಮಾರ್ಲಾ.

ಟ್ಯಾಕೆಟ್ ನಗಲಿಲ್ಲ. ಒಂದು ಕಡತವನ್ನು ಅವಳ ಕಡೆ ತಳ್ಳಿದ. ಅದು ಅವಳದೇ. ಷರಾ: ‘ಬಸುರಿಯ ರಕ್ತದೊತ್ತಡ ಒಂದೇ ಸಲ ನೋಡಿ ಬಿಟ್ಟಿದ್ದೀಯ. ಇವತ್ತೇ ವಾಪಸ್ ಕರೆಸು.’ ಆಗಸ್ಟ್‌ನಲ್ಲಿ ವರ್ನೆಲ್ ತನ್ನನ್ನು ಡ್ಯೂಟಿಯ ಮಧ್ಯೆ ಕರೆಸಿಕೊಂಡದ್ದು ಮಾರ್ಲಾಗೆ ನೆನಪಿತ್ತು. ಒತ್ತಡ ಏರಿತ್ತು, ಮಾತ್ರೆ ಬದಲಾಗಿತ್ತು. ಅವಳು ಕಡತ ಮುಚ್ಚಿ, ಇದನ್ನೆಲ್ಲ ಎತ್ತಿಟ್ಟು ಮನೆಗೆ ಹೋಗೋಣವಾ ಎಂದು ಕೇಳಿದಳು. ಅವಳು ತಮಾಷೆಗೆ ಹೇಳುತ್ತಿರಲಿಲ್ಲ. ಟ್ಯಾಕೆಟ್‌ಗೂ ಅದೇ ಆಸೆ ಇತ್ತು.

ಸಂಜೆ 4.50ಕ್ಕೆ ಆ ಆಸೆಗೆ ಕಲ್ಲು ಬಿತ್ತು. ಜೂನ್ 12ರ ಕಡತ. ವೆಂಡೆಲ್ ಕ್ರೇನ್, ಅರವತ್ತೊಂದು ವರ್ಷ, ಮರದ ಮಿಲ್ಲಿನ ಕೆಲಸಗಾರ. ಬೆನ್ನುನೋವು. ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರು. ಮೂರನೆಯ ದಿನ ಮಿಲ್ಲಿನಲ್ಲೇ ಕುಸಿದು ಸತ್ತ. ಹೃದಯಾಘಾತ ಎಂದುಕೊಂಡು ಊರೆಲ್ಲ ಸೇರಿ ಮಣ್ಣು ಮಾಡಿತ್ತು, ಟ್ಯಾಕೆಟ್ ಹೆಣ ಹೊತ್ತಿದ್ದ. ಷರಾ ಬರೆದದ್ದು ಜೂನ್ 20ಕ್ಕೆ: ‘ಹೊಟ್ಟೆ ಮುಟ್ಟಿ ನೋಡಿಲ್ಲ. ಸಿಗರೇಟು ಸೇದುವವನು, ಈ ವಯಸ್ಸು, ಈ ನೋವು. ಹೊಟ್ಟೆಯ ದೊಡ್ಡ ರಕ್ತನಾಳ ಊದಿರಬಹುದು ಎಂದು ಸ್ಕ್ಯಾನಿಗೆ ಕಳಿಸಬೇಕಿತ್ತು. ಕಳಿಸಿದ್ದರೆ ಬದುಕುತ್ತಿದ್ದನೇನೋ.’

ಮಾರ್ಲಾ ಮತ್ತೆ ಮನೆಯ ಮಾತೆತ್ತಲಿಲ್ಲ.

ಅಕ್ಟೋಬರ್ 10, ಶುಕ್ರವಾರ, ಬೆಳಿಗ್ಗೆ 11.20. ಕ್ಲಿನಿಕ್ಕಿನಲ್ಲಿ ಒಂಬತ್ತು ಜನ ಕಾಯುತ್ತಿದ್ದರು. ವರ್ನೆಲ್ ಒಬ್ಬ ಮುದುಕನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು. ಟ್ಯಾಕೆಟ್, ಮಾರ್ಲಾ ಮುಗಿಸಲು ಬಿಟ್ಟರು. ವರ್ನೆಲ್ ಕೈ ತೊಳೆದು, ಒಳಕೋಣೆಯಲ್ಲಿ ಕೂತು, ಕೇಳು ಅಂದರು.

“ಫೆಬ್ರವರಿಯಿಂದ ಸಹಿ ಹಾಕ್ತಿದ್ದದ್ದು ಯಾರು, ಮಿಸ್ ವರ್ನೆಲ್?”

“ನಾನೇ.”

“ಬೇರೆ ಡಾಕ್ಟ್ರನ್ನ ಹುಡುಕಲಿಲ್ವಾ?”

ಮೇಜಿನ ಖಾನೆ ಎಳೆದು ಪತ್ರಗಳ ಕಟ್ಟು ಇಟ್ಟರು. ಇಪ್ಪತ್ತಾರು ಡಾಕ್ಟರಿಗೆ ಬರೆದಿದ್ದರು. ಹದಿನೈದು ಜನ ಉತ್ತರವನ್ನೇ ಕೊಟ್ಟಿರಲಿಲ್ಲ. ಉಳಿದವರು ಅಷ್ಟು ದೂರದ ಜವಾಬ್ದಾರಿ ಬೇಡ ಅಂದಿದ್ದರು.

ಕೇಸಿಗೆ ಇಷ್ಟೇ ಸಾಕಿತ್ತು. ಆದರೆ ಟ್ಯಾಕೆಟ್‌ಗೆ ಹಿಂದಿನ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ.

“ವೆಂಡೆಲ್ ಕಡತದಲ್ಲಿ ‘ಸರಿ’ ಅಂತ ಬರೆದುಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ಬರೆದ್ರಿ?”

ವರ್ನೆಲ್ ಪತ್ರಗಳ ಕಟ್ಟನ್ನು ಮತ್ತೆ ಖಾನೆಗೆ ಹಾಕಿದರು.

“ಹನ್ನೊಂದು ವರ್ಷ ಆ ಮನುಷ್ಯ ಸರಿ, ಸರಿ ಅಂತ್ಲೇ ಬರೆದ್ರು ಮಗಾ. ಯಾವ ನರ್ಸೂ ಅಷ್ಟು ಸರಿ ಇರಲ್ಲ. ತಪ್ಪು ಅನ್ನೋರು ಒಬ್ಬರು ಬೇಕಿತ್ತು. ಅವರ ಹೆಸರಲ್ಲಿ ಓದೋಕೆ ಕೂತಾಗ ನನ್ನ ತಪ್ಪು ನನಗೆ ಕಾಣೋಕೆ ಶುರುವಾಯ್ತು.”

“ವೆಂಡೆಲ್‌ದು?”

“ಕಂಡಿತು. ಎಂಟು ದಿನ ತಡವಾಗಿ. ಬೇರೆ ಯಾರಾದ್ರೂ ನಿಜವಾದವರು ಇದ್ದಿದ್ರೆ, ಅವತ್ತೇ ಒಂದು ಫೋನ್ ಮಾಡಿ ಕೇಳ್ತಿದ್ದೆ. ಕೇಳೋಕೆ ನನ್ನ ಬಿಟ್ಟು ಯಾರಿದ್ರು?”

11.55ಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಕಾಯುತ್ತಿದ್ದವರ ಹೆಸರು ಬರೆದುಕೊಂಡ ಮಾರ್ಲಾ, ಐವತ್ತೆಂಟು ಮೈಲಿ ಆಚೆಯ ವಿಳಾಸ ಕೊಟ್ಟಳು. ಅವರಲ್ಲಿ ಇಬ್ಬರ ಬಳಿ ಗಾಡಿ ಇರಲಿಲ್ಲ. ಎಲ್ಲರೂ ಎದ್ದು ದಾರಿ ಬಿಟ್ಟರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕ ಟ್ಯಾಕೆಟ್‌ನನ್ನು ನೋಡಿ, ಪಟ್ಟಿ ಬಿಚ್ಚುವುದು ಸೋಮವಾರ, ಯಾರು ಬಿಚ್ಚುತ್ತಾರೆ ಎಂದು ಕೇಳಿದ.

ಮಧ್ಯಾಹ್ನ ವೆಂಡೆಲ್‌ನ ಹೆಂಡತಿಯ ಮನೆಗೆ ಹೋಗಿ ವಿಷಯ ತಿಳಿಸಿ ಬಂದ. ಆಮೇಲೆ ವರದಿ ಬರೆಯಲು ಕೂತ. ‘ಉದ್ದೇಶ’ ಎಂಬ ಜಾಗದಲ್ಲಿ ಎರಡು ಸಲ ಬರೆದು ಹೊಡೆದುಹಾಕಿದ. ಕೊನೆಗೆ ಉಳಿದದ್ದು ಇದು:

‘ಕ್ಲಿನಿಕ್ಕಿನ ಬಾಗಿಲು ಮುಚ್ಚಬಾರದೆಂದು ಆರೋಪಿ ಸುಳ್ಳು ಸಹಿ ಹಾಕಿದ್ದಾರೆ. ಸ್ವಂತ ಲಾಭ ಕಂಡುಬಂದಿಲ್ಲ. ವೆಂಡೆಲ್ ಕ್ರೇನ್ ಸಾವಿನಲ್ಲಿ ಆರೋಪಿಯ ತಪ್ಪನ್ನು ಹೇಳಿದವರು ಒಬ್ಬರೇ. ಅವರು ಆರೋಪಿ.’