ನಾಳೆ ಇದ್ದು ನಾಳಿದ್ದು

ಭಾನುವಾರ ಬೆಳಿಗ್ಗೆ ಎಂಟಕ್ಕೆ ವನಗೂರಿನ ಕರಿಯಪ್ಪನವರ ಜೀಪು ನಮ್ಮ ವಸತಿ ಕಾಲೇಜಿನ ಗೇಟಿನಲ್ಲಿ ನಿಂತಿತು. ಮಗಳು ನವ್ಯಶ್ರೀ ಇಸ್ತ್ರಿಯ ಯೂನಿಫಾರ್ಮಿನಲ್ಲಿ ಇಳಿದಳು. ಕೈಯಲ್ಲಿ ಎರಡು ಪೆನ್ನು, ನೀರಿನ ಬಾಟಲಿ.

"ಪರೀಕ್ಷೆ ಯಾವ ಹಾಲಲ್ಲಿ ಸಾರ್?" ಎಂದು ಕೇಳಿದಳು.

ಪರೀಕ್ಷೆ ಶನಿವಾರವೇ ಮುಗಿದು, ಉತ್ತರಪತ್ರಿಕೆಗಳು ಸೀಲಾಗಿ ಹೋಗಿದ್ದವು. ಒಂದು ಟ್ರಸ್ಟು ವರ್ಷಕ್ಕೊಮ್ಮೆ ನಡೆಸುವ ಪರೀಕ್ಷೆ ಅದು. ನಮ್ಮಲ್ಲಿ ಮೊದಲು ಬಂದ ಒಬ್ಬರಿಗೆ ಮಾತ್ರ ದೊಡ್ಡ ವಿಜ್ಞಾನ ಸಂಸ್ಥೆಯಲ್ಲಿ ನಾಲ್ಕು ವರ್ಷದ ಉಚಿತ ಓದು, ಊಟ, ವಸತಿ. ಮರುಪರೀಕ್ಷೆ ಇಲ್ಲ. ಅದಕ್ಕಾಗಿ ಈ ಹುಡುಗಿ ಎರಡು ವರ್ಷ ಬೆಳಗಿನ ನಾಲ್ಕೂವರೆ ಗಂಟೆಗೆ ಎದ್ದಿದ್ದಳು. ಯಸಳೂರಿನ ಮೇಲಿನ ಈ ಗುಡ್ಡದಲ್ಲಿ ಪಿ.ಯು. ಅಂದರೆ 'ಪೀಡಿಸಿ ಉರುಹೊಡೆಸು' ಎಂದು ನಾನೇ ಬಿಡಿಸಿ ಹೇಳುತ್ತಿದ್ದೆ.

ನಾನು ಯೋಗಾನಂದ, ಕನ್ನಡ ಮೇಷ್ಟ್ರು. ಶ್ಲೇಷೆ ಒಂದು ಚಟ, ಮಿಮಿಕ್ರಿ ಇನ್ನೊಂದು. ಪ್ರಿನ್ಸಿಪಾಲ್ ಪರಮಶಿವಯ್ಯನವರು ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಹೇಳುವವರು: "ತಿಳೀತಾ? ತಿಳೀತು." ಅವರಿಲ್ಲದಾಗ ಅವರ ಕುರ್ಚಿಯಲ್ಲಿ ಕೂತು ಆ ದನಿ ತೆಗೆಯುತ್ತಿದ್ದೆ. ಲ್ಯಾಬ್ ಸಹಾಯಕ ಶ್ರೀನಾಥ್ ಎಲ್ಲಿಂದಲಾದರೂ ಆಫೀಸಿಗೆ ಫೋನು ಮಾಡಿ ಹಳ್ಳಿಯ ಪೋಷಕನಂತೆ ಮಾತಾಡುತ್ತಿದ್ದ. ನಾನು ಪ್ರಿನ್ಸಿಪಾಲನಾಗಿ ಸತಾಯಿಸುತ್ತಿದ್ದೆ. ಶುಕ್ರವಾರ ಸಂಜೆಯೂ ಒಂದು ಸುತ್ತು ಆಗಿತ್ತು. ವಾರ್ಷಿಕೋತ್ಸವಕ್ಕೆಂದು ಪೂಜಿತಾಳಿಗೂ ಆ ದನಿ ಕಲಿಸಿದ್ದೆ. ಪೂಜಿತಾ ಅಂದರೆ ಸದಾ ಎರಡನೇ ರ‍್ಯಾಂಕು. ಮೊದಲನೆಯದು ಸದಾ ನವ್ಯಶ್ರೀಯದು.

ಪರೀಕ್ಷೆ ನಿನ್ನೆಯೇ ಮುಗಿಯಿತು ಎಂದಾಗ ಎದ್ದ ಗಲಾಟೆ ಕೇಳಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಗಂಗಾಮಣಿ ಬಂದರು. ಕಳೆದ ವಾಚಿನಿಂದ ಕದ್ದು ಬರೆದ ಉತ್ತರದವರೆಗೆ ಇಲ್ಲಿನ ಒಗಟುಗಳನ್ನೆಲ್ಲ ಬಿಡಿಸುವವರು ಅವರು. ಜೊತೆಯಲ್ಲಿ ಟಾರ್ಚು ಹಿಡಿಯುವವನು ನಾನು.

"ಇವತ್ತು ಪರೀಕ್ಷೆ ಅಂತ ಯಾರು ಹೇಳಿದ್ದು?"

"ಪ್ರಿನ್ಸಿಪಾಲ್ರೇ ಕಣಮ್ಮ," ಎಂದರು ಕರಿಯಪ್ಪ. "ಶನಿವಾರ ನಮ್ಮವ್ವನ ಹನ್ನೊಂದನೇ ದಿನದ ಕಾರ್ಯ ಇತ್ತು. ಹುಡ್ಗಿ ಶುಕ್ರವಾರವೇ ಹೊರಡ್ತೀನಿ ಅಂತಿದ್ಲು. ಅವತ್ತು ಸಂಜೆ ಫೋನಲ್ಲಿ ಅವರು ನಾಳಿದ್ದು ಬನ್ನಿ ಅಂದ್ಬುಟ್ರು. ಪರೀಕ್ಷೆ ಮುಂದಕ್ಕೆ ಹೋಗೈತೆ ಅಂದ್ಕೊಂಡ್ವಿ. ಕೊನೇಲಿ 'ತಿಳೀತಾ? ತಿಳೀತು' ಅಂದ್ರು. ಆ ದನಿ ನಂಗೊತ್ತಿಲ್ವಾ?"

ಶನಿವಾರ ಬೆಳಿಗ್ಗೆ ಅವರಿಗೆ ನಾವು ಮೂರು ಸಲ ಫೋನು ಮಾಡಿದ್ದೆವು. ವನಗೂರಿನಲ್ಲಿ ನೆಟ್‌ವರ್ಕ್ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಪ್ರಿನ್ಸಿಪಾಲರು ಕೆಂಪಾದರು. "ನಾನು ಹೇಳಿಲ್ಲ. ದಿನಾಂಕ ಹನ್ನೆರಡು, ಶುಕ್ರವಾರ, ರಾತ್ರಿ ಎಂಟರವರೆಗೆ ನಾವು ಹಾಸನದಲ್ಲಿದ್ದೆವು, ಪ್ರಶ್ನೆಪತ್ರಿಕೆ ತರೋದಕ್ಕೆ." ಆ 'ನಾವು' ದೊಡ್ಡಸ್ತಿಕೆಯ ಬಹುವಚನ ಎಂದುಕೊಂಡು ನಾನು ಒಳಗೇ ನಕ್ಕೆ.

"ನಿಮ್ಮ ದನಿ ತೆಗೆಯೋದು ಇಲ್ಲಿ ನಾನು, ಬಿಟ್ರೆ ಪೂಜಿತಾ," ಎಂದೆ, ತಮಾಷೆಗೆ. ಯಾರೂ ನಗಲಿಲ್ಲ. ನನಗೆ ಮೋಸ ಮಾಡುವ ಕಾರಣವಿರಲಿಲ್ಲ. ಎರಡನೇ ರ‍್ಯಾಂಕಿನವಳಿಗೆ ಇತ್ತು. ಕರೆಸಿದಾಗ ಪೂಜಿತಾ, "ನಾನಲ್ಲ ಸಾರ್, ಅವ್ವನಾಣೆ," ಎಂದಷ್ಟೇ ಹೇಳಿ ಅತ್ತಳು.

"ಮಧ್ಯಾಹ್ನ ಇವಳ ಟಿ.ಸಿ. ಬರೀತೀನಿ. ತಿಳೀತಾ? ತಿಳೀತು."

ಗಂಗಾಮಣಿ ಮಾತ್ರ ಕರಿಯಪ್ಪನವರ ಮೊಬೈಲು ಇಸಿದುಕೊಂಡು ನನ್ನ ಮುಂದೆ ಹಿಡಿದರು. "ಈ ಬಾಣದ ಗುರುತು ನೋಡಿ ಮೇಷ್ಟ್ರೇ." ಕಾಲೇಜಿನ ನಂಬರು, ಐದು ಇಪ್ಪತ್ತು, ಪಕ್ಕದಲ್ಲೊಂದು ಪುಟ್ಟ ಬಾಣ.

"ಬಾಣ ಇದ್ಮೇಲೆ ಬೇಡನೂ ಇರ್ಬೇಕು," ಎಂದೆ.

"ಇದ್ದಾನೆ," ಎಂದರು ಅವರು.

ಊಟದ ನಂತರ ಎಲ್ಲರೂ ಪ್ರಿನ್ಸಿಪಾಲರ ಕೋಣೆಯಲ್ಲಿ ಸೇರಿದೆವು. ಟಿ.ಸಿ. ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಗಂಗಾಮಣಿ ಅದನ್ನು ಮುಚ್ಚಿದರು.

"ಎಲ್ಲರೂ ಯಾರು ಫೋನ್ ಮಾಡಿದ್ರು ಅಂತ ಹುಡುಕ್ತಾ ಇದೀರಿ. ಫೋನ್ ಬಂದಿಲ್ಲ ಕಣ್ರೀ, ಹೋಗಿರೋದು. ಬಾಣ ಹೊರಕ್ಕೈತೆ. ಮಾಡಿದ್ದು ಕರಿಯಪ್ಪನವರೇ. ಅಲ್ವಾ?"

"ಹೌದು. ರಸ್ತೆ ತಿರುವಿಗೆ ಹತ್ತಿ ಮಾಡ್ದೆ. ಅಲ್ಲಿ ಮಾತ್ರ ಸಿಗ್ನಲ್ಲು."

"ಅವರು ಆ ಹೊತ್ತಲ್ಲಿ ಮಾಡ್ತಾರೆ ಅಂತ ಯಾರಿಗೆ ಗೊತ್ತಿತ್ತು? ಯಾರಿಗೂ ಇಲ್ಲ. ಅಂದ್ಮೇಲೆ ಸಂಚು ಎಲ್ಲಿಂದ ಬಂತು? ಐದರಿಂದ ಆರು ಪೂಜಿತಾ ಸ್ಟಡಿ ಹಾಲಲ್ಲಿ ನನ್ನೆದುರಿಗೇ ಲೆಕ್ಕ ಮಾಡ್ತಿದ್ಲು. ಫೋನ್ ಎತ್ತಿದ್ದು ಕೇಡು ಬಯಸಿದೋರಲ್ಲ, ಅದರ ಪಕ್ಕ ಸುಮ್ನೆ ಕೂತಿದ್ದೋರು. ಕರಿಯಪ್ಪನವರೇ, ಅವರ ಮಾತನ್ನ ಇದ್ದಂಗೇ ಹೇಳಿ."

"ಪರೀಕ್ಷೆ ನಾಳೆನೇನಾ ಸಾ ಅಂದೆ. 'ನಾಳೆ ಇದ್ದು ನಾಳಿದ್ದು ಬನ್ನಿ, ಪರೀಕ್ಷೆ ಎಲ್ಲೂ ಓಡೋಗಲ್ಲ' ಅಂದ್ರು."

ನಾನು ಕೈಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟೆ.

"ಪ್ರಿನ್ಸಿಪಾಲ್ರು ದಿನ ಹೇಳಿದ್ರೆ ತಾರೀಕು ಹೇಳ್ತಾರೆ," ಎಂದರು ಗಂಗಾಮಣಿ. "ಇದ್ದು, ನಾಳಿದ್ದು ಅಂತ ಮಾತು ಜೋಡಿಸೋ ಬಾಯಿ ಈ ಗುಡ್ಡದ ಮೇಲೆ ಒಂದೇ."

"ಫೋನ್ ಮಾಡಿದ್ದು ಶ್ರೀನಾಥ್ ಅಂದ್ಕೊಂಡೆ," ಎಂದೆ. ನನ್ನ ಸ್ವಂತ ದನಿ ನನಗೇ ಗುರುತು ಸಿಗಲಿಲ್ಲ.

"ಶ್ರೀನಾಥ್ ಹಾಸನದಲ್ಲಿದ್ದ. ಪ್ರಿನ್ಸಿಪಾಲ್ರು 'ನಾವು' ಅಂದಾಗ್ಲೇ ಇನ್ನೊಬ್ರು ಯಾರು ಅಂತ ವಿಚಾರಿಸ್ದೆ. ನೀವು ವ್ಯಾಕರಣ ನೋಡಿದ್ರಿ ಮೇಷ್ಟ್ರೇ, ಜನ ನೋಡ್ಲಿಲ್ಲ."

ಕರಿಯಪ್ಪ ಬೈಯಲಿಲ್ಲ. "ನಗ್ಸೋಕೆ ಅಂದ್ರಾ ಸಾ?" ಎಂದಷ್ಟೇ ಕೇಳಿದರು. ನವ್ಯಶ್ರೀ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಕ್ಲಾಸಲ್ಲಿ ಹೇಳಿದ್ರೆ ನಾನೇ ಮೊದ್ಲು ನಗ್ತಿದ್ದೆ ಸಾರ್."

ಪೂಜಿತಾಳ ಕ್ಷಮೆ ಕೇಳಿದೆ. ಅವಳು ತಲೆಯಾಡಿಸಿದಳು, ನನ್ನ ಕಡೆ ನೋಡಲಿಲ್ಲ.

ಟ್ರಸ್ಟಿನ ಆಫೀಸಿಗೆ ನಾನೂ ಪ್ರಿನ್ಸಿಪಾಲರೂ ಎರಡು ಸಲ ಹೋದೆವು. ಕೂರಿಸಿ, ಕಾಫಿ ಕೊಟ್ಟು, ಆಗುವುದಿಲ್ಲ ಎಂದರು. ರಾಜೀನಾಮೆ ಬರೆದಾಗ ಗಂಗಾಮಣಿ ಹರಿದು ಹಾಕಿದರು: "ಹೋದ್ರೆ ನಿಮ್ಗೆ ಸುಲಭ ಆಗ್ಬುಡ್ತೈತೆ. ಇಲ್ಲೇ ಇರಿ." ಸೀಟು ಪೂಜಿತಾಳಿಗೆ ಸಿಕ್ಕಿತು. ನವ್ಯಶ್ರೀ ಸಕಲೇಶಪುರದಲ್ಲಿ ಬಿ.ಎಸ್ಸಿ. ಸೇರುತ್ತಾಳೆಂದು ಆಮೇಲೆ ತಿಳಿಯಿತು.

ಜೂನಿನಲ್ಲಿ ಆಫೀಸಿನ ಫೋನು ಬಡಿದುಕೊಂಡಿತು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

"ಸಾ, ನವ್ಯಶ್ರೀ ಟಿ.ಸಿ. ಬೇಕಿತ್ತು. ನಾಳೆ ಬರ್ಲಾ? ಪ್ರಿನ್ಸಿಪಾಲ್ರಾ?"

"ಅಲ್ಲ ಕರಿಯಪ್ಪನವರೇ. ನಾನು ಯೋಗಾನಂದ. ನಾಳೆ ಬನ್ನಿ. ದಿನಾಂಕ ಒಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ."

ಆ ಕಡೆ ತಿರುವಿನಲ್ಲಿ ಜೀಪೊಂದು ಗೇರು ಬದಲಿಸಿದ ಸದ್ದು ಕೇಳಿತು.

"ನಿಜ್ವಾಗ್ಲೂ ನೀವೇನಾ ಸಾ?" ಎಂದರು.